ಸುಂಕದವನ ಮುಂದೆ ವೋಲ್ವೊ: ಹೊಸಕೋಟೆಯ ಕಾರು ಜೋಡಣೆಗೆ ಎಷ್ಟು ಆಯುಷ್ಯ?

ಬೆಂಗಳೂರು: ಕರ್ನಾಟಕದಲ್ಲಿ 'ವೋಲ್ವೊ' ಎಂದರೆ ಬಸ್ಸು. ಮೈಸೂರಿಗೋ ಮಂಗಳೂರಿಗೋ ಹೊರಟವರು 'ವೋಲ್ವೊಗೆ ಟಿಕೆಟ್ ಮಾಡಿಸಿದ್ದೇವೆ' ಎನ್ನುತ್ತಾರೆ. ಬೇರೆ ಕಂಪೆನಿಯ ಹವಾನಿಯಂತ್ರಿತ ಬಸ್ಸು ಬಂದು ನಿಂತರೂ ಅದು ವೋಲ್ವೊ ಎಂದೇ ಕರೆಸಿಕೊಳ್ಳುತ್ತದೆ. ಆದರೆ ಅದೇ ಹೆಸರಿನ ಕಾರುಗಳು ಬೆಂಗಳೂರಿನ ಹೊರವಲಯದ ಹೊಸಕೋಟೆ ತಾಲ್ಲೂಕಿನಲ್ಲಿ 2017ರಿಂದಲೂ ಜೋಡಣೆಯಾಗುತ್ತಿವೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಸ್ವೀಡನ್ನಿನಲ್ಲಿ ಹುಟ್ಟಿ, ಚೀನಾದ ಒಡೆತನದಲ್ಲಿರುವ ಕಾರೊಂದು ಹೊಸಕೋಟೆಗೆ ಬಂದದ್ದೇಕೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿದೆ: ಸುಂಕ.

2026ರ ಜನವರಿ 27ರಂದು ಭಾರತ ಮತ್ತು ಯೂರೋಪ್ ಒಕ್ಕೂಟ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿದಿದೆ ಎಂದು ಘೋಷಿಸಿದವು. ಯೂರೋಪಿನ ಕಾರುಗಳ ಮೇಲೆ ಭಾರತ ಹೇರುತ್ತಿದ್ದ ಶೇ 110ರ ಸುಂಕವನ್ನು ವರ್ಷಕ್ಕೆ 2.5 ಲಕ್ಷ ಕಾರುಗಳ ಮಿತಿಯೊಳಗೆ ಹಂತಹಂತವಾಗಿ ಶೇ 10ಕ್ಕೆ ಇಳಿಸುವುದು ಅದರ ಮುಖ್ಯ ಅಂಶಗಳಲ್ಲೊಂದು. ಯಾವ ಗೋಡೆಯನ್ನು ದಾಟಲು ಹೊಸಕೋಟೆಯಲ್ಲಿ ಜೋಡಣೆ ಆರಂಭವಾಯಿತೋ ಆ ಗೋಡೆಯೇ ತಗ್ಗಲಿದೆ. ಆಗ ಜೋಡಣಾ ಘಟಕದ ಗತಿಯೇನು? ವೋಲ್ವೊ ಕಳೆದ ಆರು ದಶಕಗಳಲ್ಲಿ ಜಗತ್ತಿನ ಎಲ್ಲೆಲ್ಲಿ ಕಾರು ಜೋಡಿಸಿತು, ಎಲ್ಲಿ ಬಾಗಿಲು ಹಾಕಿತು ಎಂಬುದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರದ ಸುಳಿವು ಸಿಗುತ್ತದೆ.

ಒಂದೇ ಹೆಸರು, ಎರಡು ಕಂಪೆನಿ

ಮೊದಲಿಗೆ ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಬಸ್ಸು, ಲಾರಿ ತಯಾರಿಸುವ ವೋಲ್ವೊ ಬೇರೆ, ಕಾರು ತಯಾರಿಸುವ ವೋಲ್ವೊ ಬೇರೆ. 1927ರ ಏಪ್ರಿಲ್ 14ರಂದು ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಮೊದಲ ಕಾರು ಹೊರಬಂದಾಗ ಎರಡೂ ಒಂದೇ ಆಗಿದ್ದವು. 1999ರಲ್ಲಿ ಮೂಲ ಕಂಪೆನಿಯು ಕಾರು ವಿಭಾಗವನ್ನು 645 ಕೋಟಿ ಡಾಲರ್‌ಗೆ ಅಮೆರಿಕದ ಫೋರ್ಡ್‌ಗೆ ಮಾರಿತು. ಆರ್ಥಿಕ ಕುಸಿತದ ಹೊಡೆತ ತಿಂದ ಫೋರ್ಡ್ 2010ರಲ್ಲಿ ಅದನ್ನು ಚೀನಾದ ಗೀಲಿ ಸಮೂಹಕ್ಕೆ ಬಿಟ್ಟುಕೊಟ್ಟಿತು. ಆಗ ಒಪ್ಪಂದವಾದ ಬೆಲೆ 180 ಕೋಟಿ ಡಾಲರ್. 2021ರಲ್ಲಿ ವೋಲ್ವೊ ಕಾರ್ಸ್ ಸ್ಟಾಕ್‌ಹೋಮ್ ಷೇರುಪೇಟೆ ಪ್ರವೇಶಿಸಿತಾದರೂ ಸಿಂಹಪಾಲು ಗೀಲಿಯ ಬಳಿಯೇ ಉಳಿಯಿತು.

ಹೊಸಕೋಟೆಯಲ್ಲಿ ಈ ಎರಡೂ ಕಂಪೆನಿಗಳ ದಾರಿ ಮತ್ತೆ ಕೂಡುತ್ತದೆ. ಅಲ್ಲಿ 1998ರಲ್ಲಿ ಲಾರಿ ಕಾರ್ಖಾನೆ ಆರಂಭಿಸಿದ್ದು ವೋಲ್ವೊ ಸಮೂಹ. 2001ರ ಹೊತ್ತಿಗೆ ಬಸ್ ತಯಾರಿಕೆಯೂ ಶುರುವಾಯಿತು. 2007ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ವೋಲ್ವೊ ಕಾರ್ಸ್ ಹತ್ತು ವರ್ಷ ಸಿದ್ಧ ಕಾರುಗಳನ್ನು ಆಮದು ಮಾಡಿಕೊಂಡು ಮಾರಿತು. 2017ರಲ್ಲಿ ಹಳೆಯ ಬಂಧುವಿನ ಆವರಣ, ಸೌಕರ್ಯ ಮತ್ತು ಪರವಾನಗಿಗಳನ್ನೇ ಬಳಸಿಕೊಂಡು ಎಕ್ಸ್‌ಸಿ90 ಮಾದರಿಯ ಜೋಡಣೆ ಆರಂಭಿಸಿತು. ಸ್ವಂತ ಕಾರ್ಖಾನೆ ಕಟ್ಟದೆ, ಇದ್ದ ಜಾಗದಲ್ಲಿ ಒಂದು ಸಾಲು ಹಾಕಿಕೊಂಡಂತಾಯಿತು. ಈ ಅಂಶ ಮುಂದಿನ ಚರ್ಚೆಗೆ ಮುಖ್ಯ.

ಸುಂಕದ ಲೆಕ್ಕಾಚಾರ

ಭಾರತದ ಸುಂಕ ಪದ್ಧತಿಯು ಆಮದು ಕಾರುಗಳನ್ನು ಅವು ಬಂದಿಳಿಯುವ ಸ್ಥಿತಿಗೆ ತಕ್ಕಂತೆ ವಿಂಗಡಿಸುತ್ತದೆ. ಪೂರ್ತಿ ಸಿದ್ಧವಾಗಿ ಬರುವ ಕಾರಿಗೆ ಉದ್ಯಮದ ಭಾಷೆಯಲ್ಲಿ ಸಿಬಿಯು ಎನ್ನುತ್ತಾರೆ. 40 ಸಾವಿರ ಡಾಲರ್ ಮೀರಿದ ಇಂತಹ ಕಾರಿನ ಮೇಲಿನ ಸುಂಕದ ಸ್ವರೂಪ 2025ರ ಬಜೆಟ್‌ನಲ್ಲಿ ಬದಲಾಯಿತು. ಮೂಲ ಸುಂಕ ಶೇ 70ಕ್ಕೆ ಇಳಿದು, ಶೇ 40ರ ಸೆಸ್ ಸೇರಿತು. ಒಟ್ಟು ಹೊರೆ ಶೇ 110ರಲ್ಲೇ ಉಳಿಯಿತು.

ಬಿಡಿಭಾಗಗಳ ಕಿಟ್ ರೂಪದಲ್ಲಿ ತಂದು ಇಲ್ಲಿ ಜೋಡಿಸುವುದು ಸಿಕೆಡಿ. ಇದರಲ್ಲೂ ಎರಡು ಬಗೆ. ಎಂಜಿನ್, ಗೇರ್‌ಬಾಕ್ಸ್‌ಗಳು ಕೂಡಿಸದ ಸ್ಥಿತಿಯಲ್ಲಿ ಬಂದರೆ ಮೂಲ ಸುಂಕ ಶೇ 15. ಇದು 2018ರ ಬಜೆಟ್‌ವರೆಗೆ ಶೇ 10 ಇತ್ತು. ಎಂಜಿನ್ ಅಥವಾ ಗೇರ್‌ಬಾಕ್ಸ್ ಸಿದ್ಧವಾಗಿದ್ದು, ಕಾರಿನ ಒಡಲಿಗೆ ಮಾತ್ರ ಅಳವಡಿಸದೆ ತಂದರೆ ಶೇ 35. ಇದನ್ನು 2023ರ ಬಜೆಟ್‌ನಲ್ಲಿ ಶೇ 30ರಿಂದ ಏರಿಸಲಾಯಿತು.

ಈ ವ್ಯತ್ಯಾಸ ಎಷ್ಟೆಂಬುದು ಒಂದು ಸರಳ ಉದಾಹರಣೆಯಿಂದ ತಿಳಿಯುತ್ತದೆ. ಬಂದರಿಗೆ ಬಂದಾಗ 40 ಲಕ್ಷ ರೂಪಾಯಿ ಬೆಲೆಯ ಕಾರು ಎಂದಿಟ್ಟುಕೊಳ್ಳೋಣ. ಸಿದ್ಧ ಕಾರಾಗಿ ಬಂದರೆ 44 ಲಕ್ಷ ಸುಂಕ ಸೇರಿ ಬೆಲೆ 84 ಲಕ್ಷವಾಗುತ್ತದೆ. ಅಷ್ಟೇ ಬೆಲೆಯ ಕಿಟ್ ಶೇ 15ರ ದರದಲ್ಲಿ ಬಂದರೆ ಸುಂಕ 6 ಲಕ್ಷ ಮಾತ್ರ. ಜಿಎಸ್‌ಟಿ ಮತ್ತಿತರ ತೆರಿಗೆಗಳು ಇದರ ಮೇಲೆ ಬೀಳುತ್ತವೆ. ಜೋಡಣೆಯ ಖರ್ಚನ್ನು ಕಳೆದರೂ ಪ್ರತಿ ಕಾರಿನಲ್ಲಿ ಹತ್ತಾರು ಲಕ್ಷ ರೂಪಾಯಿಯ ಅಂತರ ಉಳಿಯುತ್ತದೆ. ಪುಣೆ ಬಳಿಯ ಚಾಕಣದಲ್ಲಿ ಮರ್ಸಿಡಿಸ್ ಬೆಂಜ್, ಚೆನ್ನೈ ಬಳಿ ಬಿಎಂಡಬ್ಲ್ಯು, ಔರಂಗಾಬಾದ್‌ನಲ್ಲಿ ಆಡಿ ಜೋಡಣೆಗೆ ಇಳಿದದ್ದು ಇದೇ ಲೆಕ್ಕಾಚಾರದಿಂದ. ಜರ್ಮನಿಯ ಈ ಕಂಪೆನಿಗಳಲ್ಲಿ ಎರಡಕ್ಕೆ ಫೋರ್ಸ್ ಮೋಟಾರ್ಸ್ ಭಾರತದಲ್ಲೇ ಎಂಜಿನ್ ಜೋಡಿಸಿ ಕೊಡುತ್ತದೆ ಎಂದರೆ ಸುಂಕದ ಒಂದೊಂದು ಷರತ್ತೂ ಒಂದೊಂದು ಕಾರ್ಖಾನೆಯನ್ನು ಹೇಗೆ ಹುಟ್ಟಿಸುತ್ತದೆ ಎಂಬುದು ಅರ್ಥವಾದೀತು.

ಹ್ಯಾಲಿಫ್ಯಾಕ್ಸ್‌ನಿಂದ ಆರಂಭ

ವೋಲ್ವೊಗೆ ಈ ಪಾಠ ಹೊಸದಲ್ಲ. ಸ್ವೀಡನ್ನಿನ ಹೊರಗೆ ಅದರ ಮೊದಲ ಕಾರು ಜೋಡಣಾ ಘಟಕ ಆರಂಭವಾದದ್ದು 1963ರ ಜೂನ್‌ನಲ್ಲಿ, ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ. ಕಿಟ್‌ಗಳು ಅಟ್ಲಾಂಟಿಕ್ ಸಾಗರ ದಾಟಿ ಅಲ್ಲಿಗೆ ಬರುತ್ತಿದ್ದವು. ಅಲ್ಲಿ ಜೋಡಿಸಿದ ಒಂದು ಮಾದರಿಗೆ 'ಕೆನೇಡಿಯನ್' ಎಂದೇ ಹೆಸರಿಡಲಾಗಿತ್ತು. ಕೆನಡಾದೊಳಗೆ ಕಾರು ಜೋಡಿಸುವ ಕಂಪೆನಿಗೆ ಅಲ್ಲಿನ ಸರ್ಕಾರ ಸುಂಕದಲ್ಲಿ ರಿಯಾಯಿತಿ ನೀಡುತ್ತಿತ್ತು. ಕೆಲಸ ಬೇಕಿದ್ದ ಕರಾವಳಿ ಪ್ರಾಂತ್ಯ, ಮಾರುಕಟ್ಟೆ ಬೇಕಿದ್ದ ಕಂಪೆನಿ, ಎರಡಕ್ಕೂ ಅನುಕೂಲವಾಯಿತು.

ಮೂವತ್ತೈದು ವರ್ಷ ಘಟಕ ನಡೆಯಿತು. ಈ ಅವಧಿಯಲ್ಲಿ ಉತ್ತರ ಅಮೆರಿಕದಲ್ಲಿ ಮುಕ್ತ ವ್ಯಾಪಾರ ಒಪ್ಪಂದಗಳಾದವು, ಕೆನಡಾದ ಕಾರು ಸುಂಕ ವರ್ಷ ವರ್ಷವೂ ಇಳಿಯಿತು. ಸಿದ್ಧ ಕಾರನ್ನೇ ಹಡಗಿಗೆ ಹೇರುವುದಕ್ಕೂ ಕಿಟ್ ತಂದು ಜೋಡಿಸುವುದಕ್ಕೂ ಇದ್ದ ಅಂತರ ಕರಗಿತು. ವರ್ಷಕ್ಕೆ ಕೆಲವೇ ಸಾವಿರ ಕಾರು ಹೊರಡಿಸುತ್ತಿದ್ದ ಸಣ್ಣ ಘಟಕ ಲಾಭದಾಯಕವಲ್ಲ ಎಂದು ಕಂಪೆನಿ ತೀರ್ಮಾನಿಸಿತು. 1998ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಇನ್ನೂರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಕೆಲಸದ ಗುಣಮಟ್ಟವಾಗಲೀ ಕಾರ್ಮಿಕರ ಶ್ರದ್ಧೆಯಾಗಲೀ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ನಮ್ಮ ಗಾದೆ ಹ್ಯಾಲಿಫ್ಯಾಕ್ಸ್‌ಗೂ ಅನ್ವಯಿಸುತ್ತದೆ.

ಉಳಿದ ಘಟಕಗಳು

ಹಾಗೆಂದು ಸುಂಕದ ಗೋಡೆ ಬಿದ್ದ ಕಡೆಯೆಲ್ಲ ಕಾರ್ಖಾನೆ ಮುಚ್ಚಿದೆ ಎನ್ನುವಂತಿಲ್ಲ. ಬೆಲ್ಜಿಯಂನ ಘೆಂಟ್ ಕಾರ್ಖಾನೆ ಇದಕ್ಕೆ ನಿದರ್ಶನ. 1964ರಲ್ಲಿ ಗೊಥೆನ್‌ಬರ್ಗ್ ಬಳಿಯ ಟೊರ್ಸ್‌ಲಾಂಡಾದಲ್ಲಿ ಬೃಹತ್ ಕಾರ್ಖಾನೆ ತೆರೆದ ಮರುವರ್ಷವೇ ವೋಲ್ವೊ ಘೆಂಟ್‌ಗೆ ಹೋಯಿತು. ಸ್ವೀಡನ್ ಆಗ ಯೂರೋಪಿಯನ್ ಆರ್ಥಿಕ ಸಮುದಾಯದ ಹೊರಗಿತ್ತು. ಸಮುದಾಯದ ಒಳಗೆ ಕಾರು ಮಾರಬೇಕಿದ್ದರೆ ಸುಂಕ ಕಟ್ಟಬೇಕಿತ್ತು, ಇಲ್ಲವೇ ಒಳಗೇ ಜೋಡಿಸಬೇಕಿತ್ತು. 1995ರಲ್ಲಿ ಸ್ವೀಡನ್ ಯೂರೋಪ್ ಒಕ್ಕೂಟ ಸೇರಿದಾಗ ಆ ಕಾರಣ ಇಲ್ಲವಾಯಿತು. ಆದರೆ ಅಷ್ಟರಲ್ಲಿ ಘೆಂಟ್ ವರ್ಷಕ್ಕೆ ಲಕ್ಷಕ್ಕೂ ಮೀರಿ ಕಾರು ತಯಾರಿಸುವ, ಬೆಸುಗೆ, ಬಣ್ಣ, ಜೋಡಣೆ ಮೂರೂ ಇರುವ ಪೂರ್ಣ ಕಾರ್ಖಾನೆಯಾಗಿ ಬೆಳೆದಿತ್ತು. ಅದನ್ನು ಮುಚ್ಚುವುದು ಕಂಪೆನಿಗೇ ನಷ್ಟವಾಗುತ್ತಿತ್ತು.

ಎರಡನೆಯ ನಿದರ್ಶನ ಮಲೇಷ್ಯಾದ್ದು. ಕ್ವಾಲಾಲಂಪುರ ಸಮೀಪದ ಶಾ ಆಲಂನಲ್ಲಿ 1967ರಲ್ಲಿ ಆರಂಭವಾದ ವೋಲ್ವೊ ಘಟಕ ಆ ದೇಶದ ಮೊದಲ ಕಾರು ಜೋಡಣಾ ಕಾರ್ಖಾನೆ. ಗಾತ್ರದಲ್ಲಿ ಅದು ಘೆಂಟ್‌ನ ಹತ್ತಿರಕ್ಕೂ ಬರುವುದಿಲ್ಲ. ಆದರೂ ಉಳಿದುಕೊಂಡಿದೆ. ಆಸಿಯಾನ್ ದೇಶಗಳು ತಮ್ಮೊಳಗಿನ ಸುಂಕವನ್ನು ಇಳಿಸಿಕೊಂಡಾಗ, ಶಾ ಆಲಂನಲ್ಲಿ ಜೋಡಿಸಿದ ಕಾರನ್ನು ಥಾಯ್ಲೆಂಡ್ ಮುಂತಾದ ನೆರೆ ದೇಶಗಳಿಗೆ ಕಳುಹಿಸುವುದು ಸಾಧ್ಯವಾಯಿತು. ಹ್ಯಾಲಿಫ್ಯಾಕ್ಸ್‌ಗೆ ಮುಳುವಾದ ಮುಕ್ತ ವ್ಯಾಪಾರವೇ ಶಾ ಆಲಂಗೆ ಆಸರೆಯಾಯಿತು.

ಒಟ್ಟಿನಲ್ಲಿ ಗೋಡೆಯ ಕಾರಣಕ್ಕೆ ಹುಟ್ಟಿದ ಘಟಕವೊಂದು ಗೋಡೆ ತಗ್ಗಿದ ಮೇಲೂ ಬದುಕಬೇಕಾದರೆ ಎರಡರಲ್ಲೊಂದು ಆಗಬೇಕು. ಘೆಂಟ್‌ನಂತೆ ಆಳವಾಗಿ ಬೇರು ಬಿಡಬೇಕು, ಇಲ್ಲವೇ ಶಾ ಆಲಂನಂತೆ ಗಡಿಯಾಚೆಗೆ ಮಾರುಕಟ್ಟೆ ಹುಡುಕಿಕೊಳ್ಳಬೇಕು.

ಚೀನಾ ಅಧ್ಯಾಯ

ಗೀಲಿಯ ತೆಕ್ಕೆಗೆ ಬಂದ ಬಳಿಕ ವೋಲ್ವೊ ಚೀನಾದಲ್ಲಿ ವೇಗವಾಗಿ ಹರಡಿತು. 2013ರಲ್ಲಿ ಚೆಂಗ್ಡು, ನಂತರ ಈಶಾನ್ಯದ ಡಾಚಿಂಗ್, ಪೂರ್ವ ಕರಾವಳಿಯ ತೈಝೌ ಕಾರ್ಖಾನೆಗಳು ತಲೆಯೆತ್ತಿದವು. ಆರಂಭದ ಗುರಿ ಚೀನಾದ ಗ್ರಾಹಕರು. ಆದರೆ 2015ರಲ್ಲೇ ಚೆಂಗ್ಡುವಿನ ಎಸ್60 ಕಾರು ಅಮೆರಿಕದ ಮಳಿಗೆಗಳಿಗೆ ಹೋಯಿತು. ಎಸ್90 ಸೆಡಾನ್ ತಯಾರಿಕೆಯನ್ನು ಡಾಚಿಂಗ್‌ಗೆ ವರ್ಗಾಯಿಸಿ ಅಲ್ಲಿಂದಲೇ ಜಗತ್ತಿಗೆ ಕಳುಹಿಸುವ ನಿರ್ಧಾರ 2016ರಲ್ಲಿ ಹೊರಬಿತ್ತು. ಒಂದು ಮಾದರಿಯನ್ನು ಒಂದೇ ಕಡೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಎಲ್ಲೆಡೆ ಮಾರುವುದು ಅಗ್ಗ ಎಂಬ ತರ್ಕ ಆಗ ಸರಿಯಾಗಿಯೇ ಕಂಡಿತ್ತು.

2018ರಲ್ಲಿ ಅಮೆರಿಕ ಚೀನಾದ ಕಾರುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹೇರಿದಾಗ ಈ ತರ್ಕಕ್ಕೆ ಮೊದಲ ಪೆಟ್ಟು ಬಿತ್ತು. ಅಮೆರಿಕಕ್ಕೆ ಹೋಗುವ ಎಕ್ಸ್‌ಸಿ60 ಕಾರುಗಳನ್ನು ಕಂಪೆನಿ ಚೀನಾದಿಂದ ಬಿಡಿಸಿ ಯೂರೋಪಿನಿಂದ ಕಳುಹಿಸಲು ಆರಂಭಿಸಿತು. ಅದೇ ವರ್ಷ ಜೂನ್‌ನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಳಿ 100 ಕೋಟಿ ಡಾಲರ್‌ಗೂ ಹೆಚ್ಚು ಹೂಡಿಕೆಯ ಕಾರ್ಖಾನೆ ತೆರೆಯಿತು. ವರ್ಷಕ್ಕೆ 1.5 ಲಕ್ಷ ಕಾರು ಅದರ ಸಾಮರ್ಥ್ಯ. ಅಲ್ಲಿನ ಎಸ್60 ಕಾರುಗಳನ್ನು ಹೊರದೇಶಗಳಿಗೂ ರಫ್ತು ಮಾಡುವುದು ಯೋಜನೆ. ಆದರೆ ಚೀನಾ ಪ್ರತಿಸುಂಕ ಹೇರಿತು, ಸೆಡಾನ್‌ಗಳ ಬೇಡಿಕೆಯೂ ಕುಸಿಯಿತು. ಕಾರ್ಖಾನೆ ವರ್ಷಗಟ್ಟಲೆ ಸಾಮರ್ಥ್ಯಕ್ಕಿಂತ ತೀರಾ ಕಡಿಮೆ ಮಟ್ಟದಲ್ಲಿ ನಡೆಯಿತು. 2024ರಲ್ಲಿ ಎಸ್60 ತಯಾರಿಕೆ ನಿಂತು, ವಿದ್ಯುತ್‌ಚಾಲಿತ ಇಎಕ್ಸ್90 ಅಲ್ಲಿಂದ ಹೊರಬರತೊಡಗಿತು.

ಎರಡನೆಯ ಪೆಟ್ಟು ಇಎಕ್ಸ್30 ಎಂಬ ಸಣ್ಣ ವಿದ್ಯುತ್ ಕಾರಿಗೆ ಬಿತ್ತು. 2023ರಲ್ಲಿ ಬೀಜಿಂಗ್‌ನ ವಾಯವ್ಯಕ್ಕಿರುವ ಝಾಂಗ್‌ಜಿಯಾಕೌನಲ್ಲಿ ಇದರ ತಯಾರಿಕೆ ಆರಂಭವಾಯಿತು. ಬೆಲೆಯೇ ಇದರ ಆಕರ್ಷಣೆ. 2024ರಲ್ಲಿ ಅಮೆರಿಕ ಚೀನಾದ ವಿದ್ಯುತ್ ಕಾರುಗಳ ಸುಂಕವನ್ನು ಶೇ 100ಕ್ಕೆ ಏರಿಸಿತು. ಅದೇ ವರ್ಷ ಅಕ್ಟೋಬರ್ ಅಂತ್ಯದಲ್ಲಿ ಯೂರೋಪ್ ಒಕ್ಕೂಟವೂ ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳ ಮೇಲೆ ಪ್ರತಿಸಬ್ಸಿಡಿ ಸುಂಕ ವಿಧಿಸಿತು. ಗೀಲಿ ಸಮೂಹಕ್ಕೆ ನಿಗದಿಯಾದ ದರ ಶೇ 18.8. ಮಾಮೂಲಿನ ಶೇ 10ರ ಸುಂಕಕ್ಕೆ ಇದು ಸೇರಿಕೊಂಡಿತು. ಯೂರೋಪಿನ ಹೆಸರು ಹೊತ್ತ ಕಾರು ಯೂರೋಪಿನ ಬಂದರಿನಲ್ಲೇ ಪರದೇಶಿಯಾಯಿತು. 2025ರಲ್ಲಿ ಘೆಂಟ್‌ನಲ್ಲೂ ಇಎಕ್ಸ್30 ತಯಾರಿಕೆ ಆರಂಭವಾಯಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಮತ್ತೊಂದು ತಿರುವು. 2025ರ ಏಪ್ರಿಲ್‌ನಿಂದ ಟ್ರಂಪ್ ಆಡಳಿತ ಎಲ್ಲ ಆಮದು ಕಾರುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹಾಕಿತು. ಯೂರೋಪಿಗೆ ಸಂಬಂಧಿಸಿ ಅದು ಜುಲೈ ತಿಂಗಳ ಒಪ್ಪಂದದಲ್ಲಿ ಒಟ್ಟು ಶೇ 15ಕ್ಕೆ ಇಳಿಯಿತಾದರೂ ಅನಿಶ್ಚಿತತೆ ಉಳಿಯಿತು. ತನ್ನ ಅತಿ ಹೆಚ್ಚು ಮಾರಾಟದ ಎಕ್ಸ್‌ಸಿ60 ಕಾರನ್ನು 2026ರ ಕೊನೆಯಿಂದ ಚಾರ್ಲ್ಸ್‌ಟನ್‌ನಲ್ಲಿ ತಯಾರಿಸುವುದಾಗಿ ವೋಲ್ವೊ ಅದೇ ಜುಲೈನಲ್ಲಿ ಪ್ರಕಟಿಸಿತು. ಅದಕ್ಕೂ ಮುನ್ನ ಮೇ ತಿಂಗಳಲ್ಲಿ ಸುಮಾರು 3,000 ಹುದ್ದೆಗಳ ಕಡಿತ ಘೋಷಣೆಯಾಗಿತ್ತು. ಅವುಗಳಲ್ಲಿ ಹೆಚ್ಚಿನವು ಕಚೇರಿ ಹುದ್ದೆಗಳು.

ಎಂಟು ವರ್ಷಗಳಲ್ಲಿ ಒಂದೇ ಕಂಪೆನಿ ಒಂದೇ ಮಾದರಿಯನ್ನು ಚೀನಾದಿಂದ ಯೂರೋಪಿಗೂ, ಅಲ್ಲಿಂದ ಅಮೆರಿಕಕ್ಕೂ ಸಾಗಿಸುವ ಸ್ಥಿತಿ ಬಂತು. 'ಮಾರುವ ಕಡೆಯೇ ತಯಾರಿಸು' ಎಂಬುದು ಈಗ ಕಂಪೆನಿಯ ಘೋಷಿತ ನೀತಿ.

ಹೊಸಕೋಟೆಯ ಸ್ಥಾನ

ಈ ನಕಾಶೆಯಲ್ಲಿ ಹೊಸಕೋಟೆ ಒಂದು ಸಣ್ಣ ಚುಕ್ಕೆ. 2023ರಲ್ಲಿ ವೋಲ್ವೊ ಭಾರತದಲ್ಲಿ ಮಾರಿದ್ದು 2,423 ಕಾರು. ಅದೇ ವರ್ಷ ಜಗತ್ತಿನಾದ್ಯಂತ ಮಾರಿದ್ದು 7.08 ಲಕ್ಷಕ್ಕೂ ಹೆಚ್ಚು. ನೂರಕ್ಕೆ ಅರ್ಧ ಭಾಗವೂ ಆಗಲಿಲ್ಲ. ಹಾಗಿದ್ದೂ ಘಟಕ ಒಂದೊಂದಾಗಿ ಹೊಸ ಮಾದರಿಗಳನ್ನು ಸೇರಿಸಿಕೊಂಡಿದೆ. 2022ರಲ್ಲಿ ಎಕ್ಸ್‌ಸಿ40 ರೀಚಾರ್ಜ್ ಎಂಬ ವಿದ್ಯುತ್ ಕಾರು ಇಲ್ಲಿ ಜೋಡಣೆಗೊಂಡು 55.90 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಇಎಕ್ಸ್30 ಕೂಡ ಇಲ್ಲಿಂದಲೇ 41 ಲಕ್ಷ ರೂಪಾಯಿ ಬೆಲೆಗೆ ಬಿಡುಗಡೆಯಾಯಿತು. ಸಿದ್ಧ ಕಾರಾಗಿ ಆಮದಾಗಿದ್ದರೆ ಈ ಬೆಲೆಗಳು ಕನಸಿನ ಮಾತು.

ಹೊಸಕೋಟೆಗೆ ಘೆಂಟ್‌ನಂತೆ ಬೇರು ಇದೆಯೇ? ಇಲ್ಲವೆನ್ನಬೇಕಾಗುತ್ತದೆ. ಕಿಟ್ ಜೋಡಣೆಯಲ್ಲಿ ಕಾರಿನ ಮೌಲ್ಯದ ದೊಡ್ಡ ಪಾಲು ಹೊರಗಿನಿಂದ ಪೆಟ್ಟಿಗೆಗಳಲ್ಲೇ ಬಂದಿರುತ್ತದೆ. ವರ್ಷಕ್ಕೆ ಎರಡು ಸಾವಿರ ಚಿಲ್ಲರೆ ಕಾರಿಗಾಗಿ ಯಾವ ಸ್ಥಳೀಯ ಬಿಡಿಭಾಗ ತಯಾರಕನೂ ಪ್ರತ್ಯೇಕ ಅಚ್ಚು ಮಾಡಿಸಲಾರ. ಶಾ ಆಲಂನಂತೆ ನೆರೆಯ ಮಾರುಕಟ್ಟೆ ಇದೆಯೇ? ದಕ್ಷಿಣ ಏಷ್ಯಾದ ದೇಶಗಳ ನಡುವೆ ಆಸಿಯಾನ್ ಮಾದರಿಯ ವ್ಯಾಪಾರ ಬಾಂಧವ್ಯ ಬೆಳೆದೇ ಇಲ್ಲ.

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವಿದ್ಯುತ್ ಕಾರು ಯೋಜನೆಯೂ ಇಲ್ಲಿ ನೆರವಿಗೆ ಬರುವಂತಿಲ್ಲ. ಅದರಡಿ ಶೇ 15ರ ಸುಂಕದಲ್ಲಿ ಸಿದ್ಧ ವಿದ್ಯುತ್ ಕಾರು ತರಬೇಕಿದ್ದರೆ ಕನಿಷ್ಠ 4,150 ಕೋಟಿ ರೂಪಾಯಿ ಹೂಡಬೇಕು, ಐದು ವರ್ಷಗಳಲ್ಲಿ ಶೇ 50ರಷ್ಟು ಸ್ಥಳೀಯ ಮೌಲ್ಯ ಸೇರಿಸಬೇಕು. ಎರಡು ಸಾವಿರ ಕಾರಿನ ವ್ಯಾಪಾರಕ್ಕೆ ಅಷ್ಟು ಹಣ ಹೂಡುವುದು ಯಾವ ಕಂಪೆನಿಗೂ ಕಷ್ಟ.

ಇನ್ನೊಂದು ತಪ್ಪು ತಿಳಿವಳಿಕೆಯೂ ಬೇಡ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ವೋಲ್ವೊ 1,400 ಕೋಟಿ ರೂಪಾಯಿ ಹೂಡಿ ಹೊಸಕೋಟೆಯ ಸಾಮರ್ಥ್ಯವನ್ನು ವರ್ಷಕ್ಕೆ 20 ಸಾವಿರ ವಾಹನಗಳಿಗೆ ಹೆಚ್ಚಿಸುವುದಾಗಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದು ಬಸ್ಸು, ಲಾರಿಯ ವೋಲ್ವೊ. ಕಾರು ಜೋಡಣೆಯ ಭವಿಷ್ಯಕ್ಕೆ ಅದನ್ನು ಖಾತರಿ ಎಂದು ಭಾವಿಸಲಾಗದು.

ಒಪ್ಪಂದ ಜಾರಿಯಾದರೆ

ಯೂರೋಪ್ ಒಪ್ಪಂದದ ಮಾತುಕತೆ ಮುಗಿದ ಮಾತ್ರಕ್ಕೆ ಸುಂಕ ಮರುದಿನವೇ ಇಳಿಯುವುದಿಲ್ಲ. ಕಾನೂನು ಪರಿಶೀಲನೆ, ಸಹಿ, ಯೂರೋಪ್ ಸಂಸತ್ತಿನ ಒಪ್ಪಿಗೆ ಎಂಬ ಹಂತಗಳಿವೆ. ಕಡಿತವೂ ಹಂತಹಂತದ್ದು, ಮಿತಿಯೊಳಗಿನದು. ಆದರೆ ಕೊನೆಯ ಹಂತದ ಲೆಕ್ಕ ಸ್ಪಷ್ಟವಾಗಿದೆ. ಶೇ 10 ಸುಂಕದ ಸಿದ್ಧ ಕಾರು, ಶೇ 15 ಅಥವಾ ಶೇ 35 ಸುಂಕದ ಕಿಟ್‌ಗಿಂತ ಅಗ್ಗ. ಮೇಲಿನ ಉದಾಹರಣೆಯ 40 ಲಕ್ಷದ ಕಾರಿಗೆ ಆಗ ಬೀಳುವ ಸುಂಕ 4 ಲಕ್ಷ ಮಾತ್ರ.

ಇದಕ್ಕೆ ಪ್ರತಿಯಾಗಿ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಯೂರೋಪಿನ ಬಿಡಿಭಾಗಗಳ ಮೇಲಿನ ಸುಂಕವನ್ನೂ ಐದರಿಂದ ಹತ್ತು ವರ್ಷಗಳಲ್ಲಿ ಪೂರ್ತಿ ತೆಗೆದುಹಾಕುವ ಮಾತು ಒಪ್ಪಂದದಲ್ಲಿದೆ. ಹಾಗಾದರೆ ಜೋಡಣೆಗೂ ಕೊಂಚ ಅನುಕೂಲ ಉಳಿಯಬಹುದು. ಎರಡು, 2.5 ಲಕ್ಷದ ಮಿತಿಯಲ್ಲಿ ಜರ್ಮನಿಯ ದೊಡ್ಡ ಕಂಪೆನಿಗಳೂ ಪಾಲು ಕೇಳಲಿವೆ. ಮೂರನೆಯದು ವೋಲ್ವೊಗೇ ವಿಶೇಷವಾದದ್ದು. ರಿಯಾಯಿತಿ ಸಿಗುವುದು ಯೂರೋಪಿನ ಮೂಲದ ಕಾರಿಗೆ. ಟೊರ್ಸ್‌ಲಾಂಡಾ ಅಥವಾ ಘೆಂಟ್‌ನಲ್ಲಿ ತಯಾರಾದ ವೋಲ್ವೊ ಈ ಬಾಗಿಲಿನಿಂದ ಬರಬಹುದು. ಚೀನಾದಲ್ಲಿ ತಯಾರಾದದ್ದು ಬರಲಾರದು, ಹೆಸರು ಒಂದೇ ಆದರೂ. ಸ್ಲೊವಾಕಿಯಾದ ಕೊಶಿತ್ಸೆಯಲ್ಲಿ 120 ಕೋಟಿ ಯೂರೊ ವೆಚ್ಚದಲ್ಲಿ, ವರ್ಷಕ್ಕೆ 2.5 ಲಕ್ಷ ವಿದ್ಯುತ್ ಕಾರುಗಳ ಸಾಮರ್ಥ್ಯದ ಕಾರ್ಖಾನೆ ಕಟ್ಟುವುದಾಗಿ ವೋಲ್ವೊ 2022ರಲ್ಲೇ ಘೋಷಿಸಿದೆ. ಅದು ಪೂರ್ಣ ಪ್ರಮಾಣದಲ್ಲಿ ನಡೆಯತೊಡಗಿದರೆ ಯೂರೋಪಿನಿಂದ ರಫ್ತಾಗಬಲ್ಲ ಕಾರುಗಳ ಸಂಖ್ಯೆ ಇನ್ನಷ್ಟು ಹೆಚ್ಚಲಿದೆ.

ಆದ್ದರಿಂದ ಹೊಸಕೋಟೆಯ ಕಾರು ಸಾಲು ನಾಳೆಯೇ ನಿಲ್ಲುತ್ತದೆ ಎನ್ನಲು ಕಾರಣವಿಲ್ಲ. ಆದರೆ ಅದನ್ನು ಶಾಶ್ವತ ಉದ್ಯಮವೆಂದು ಲೆಕ್ಕ ಹಾಕುವುದು ಸರಿಯಲ್ಲ. ಸ್ವಂತ ಕಟ್ಟಡ, ಬಣ್ಣದ ಘಟಕ, ಸ್ಥಳೀಯ ಬಿಡಿಭಾಗಗಳ ಜಾಲ ಇಲ್ಲದ ಜೋಡಣೆಯನ್ನು ನಿಲ್ಲಿಸಲು ಕಂಪೆನಿಗೆ ಹೆಚ್ಚು ಖರ್ಚಾಗುವುದಿಲ್ಲ. ಖರ್ಚು ಬೀಳುವುದು ಅಲ್ಲಿ ದುಡಿಯುವವರ ಮೇಲೆ. ಹ್ಯಾಲಿಫ್ಯಾಕ್ಸ್‌ನ ಕಾರ್ಮಿಕರಿಗೆ ಮೂವತ್ತೈದು ವರ್ಷಗಳ ಬಳಿಕ ಅದು ತಿಳಿಯಿತು. ಹೊಸಕೋಟೆಯಲ್ಲಿ ಸುಂಕ ಇಳಿಕೆಯ ವೇಳಾಪಟ್ಟಿ ಮೊದಲೇ ಕೈಗೆ ಸಿಗುತ್ತದೆ ಎಂಬುದೊಂದು ಅನುಕೂಲ. ಆ ಅವಧಿಯಲ್ಲಿ ಜೋಡಣೆ ಬಲ್ಲ ಕೈಗಳಿಗೆ ಅದೇ ಆವರಣದ ಬಸ್ಸು, ಲಾರಿ ವಿಸ್ತರಣೆಯಲ್ಲಿ ಜಾಗ ಸಿಗುವಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರಕ್ಕೆ ಅಸಾಧ್ಯವಲ್ಲ. ಹೂಡಿಕೆ ಒಪ್ಪಂದಗಳಿಗೆ ಸಹಿ ಹಾಕುವಾಗ ಉದ್ಯೋಗದ ಸಂಖ್ಯೆಯ ಜೊತೆಗೆ ಸ್ಥಳೀಯ ಮೌಲ್ಯದ ಪ್ರಮಾಣವನ್ನೂ ಕೇಳುವುದು ಇನ್ನೊಂದು ದಾರಿ.

ವೋಲ್ವೊ ಕಾರ್ಸ್‌ನ ತಂತ್ರಜ್ಞಾನ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ. ಅಲ್ಲಿ ಬರೆಯುವ ತಂತ್ರಾಂಶ ಯಾವ ದೇಶದ ಕಾರಿನೊಳಗೆ ಸೇರಿದರೂ ದಾರಿಯಲ್ಲಿ ಸುಂಕದ ಕಟ್ಟೆ ಎದುರಾಗುವುದಿಲ್ಲ. ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಒಂದೇ ಕಂಪೆನಿಯ ಎರಡು ಕೆಲಸಗಳು ನಡೆಯುತ್ತಿವೆ. ಒಂದರ ಆಯುಷ್ಯವನ್ನು ದೆಹಲಿ ಮತ್ತು ಬ್ರಸೆಲ್ಸ್‌ನ ಸುಂಕದ ಪಟ್ಟಿ ನಿರ್ಧರಿಸುತ್ತದೆ. ಇನ್ನೊಂದಕ್ಕೆ ಆ ಪಟ್ಟಿಯ ಹಂಗಿಲ್ಲ. ಆದರೆ ಆ ಎರಡನೆಯ ಕೆಲಸಕ್ಕೆ ಹೊಸಕೋಟೆಯ ಐಟಿಐ ಓದಿದ ಹುಡುಗನಿಗೆ ಕರೆ ಬರುವುದಿಲ್ಲ. ಯೂರೋಪ್ ಒಪ್ಪಂದದಿಂದ ಕಾರು ಅಗ್ಗವಾಗಲಿದೆ ಎಂಬ ಸಂತಸದ ನಡುವೆ ಆ ಹುಡುಗನ ಕೆಲಸದ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ.